ತಾಯಿಗೈ

ಸುಗಲಾಬಾಯಿಯ ಎರಡೂ ಕೈಗೆ ಊರಿನ ಲಿಂಬೆ ಕೇಂದ್ರದವರು ರೇಷ್ಮೆಯ ಕೈಗವಸು ಹೊಲಿಸಿ ಕೊಟ್ಟ ದಿನದಿಂದ ಮನೆಯ ಭಾಂಡೆ ತಿಕ್ಕುವ ಕೆಲಸ ಪೂರ್ತಿಯಾಗಿ ಸೊಸೆ ವೈಜಯಂತಿಯ ಪಾಲಿಗೆ ಬಂತು. ಭಾಂಡೆ ಒಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ರೊಟ್ಟಿ ಬಡಿಯುವುದು, ಅರಿವೆ ಹಿಂಡುವುದು, ಅತ್ತೆಯ ಹೆರಳು ಹಾಕುವುದು, ಅವಳ ಸೆರಗು ಜಾರಿದರೆ ಎತ್ತಿ ಹೆಗಲ ಮೇಲೆ ಇಡುವುದು, ಎಲ್ಲ ಅವಳದೇ. ಚಮಚ ಹಿಡಿದು ಜೋಳದ ರೊಟ್ಟಿ ತಿನ್ನಲು ಬರುವುದಿಲ್ಲವಲ್ಲ, ಅದಕ್ಕಾಗಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು, ಹಿಚುಕಿ, ಬಟ್ಟಲು ಅತ್ತೆಯ ಮುಂದಿಡುವುದೂ ಅವಳದೇ.

“ಹಿಚುಕಾಕೂ ಬರಂಗಿಲ್ಲೇನ ನಿನಗ? ಗಂಟ ಗಂಟ ಉಳದಾವ,” ಎಂದು ಸುಗಲಾಬಾಯಿ ಬಟ್ಟಲನ್ನು ಮೊಣಕೈಯಿಂದ ಆಚೆ ನೂಕುತ್ತಿದ್ದಳು. “ಬಿ.ಎಸ್ಸಿ. ಮಾಡ್ಯಾಳಂತ ಬಿ.ಎಸ್ಸಿ.! ಕಣ್ಣಿಗೆ ಕಾಣದ ಹುಳ ಎಣಸಾಕ ಬರತೈತಿ, ಕಣ್ಣಿಗೆ ಕಾಣೂ ಗಂಟ ಒಡ್ಯಾಕ ಬರಂಗಿಲ್ಲ.”

ವೈಜಯಂತಿ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಹೊಳೆಯುತ್ತಿರಲಿಲ್ಲವೆಂದಲ್ಲ. ಭಾಂಡೆ ತಿಕ್ಕುವಾಗ ಒಂದಕ್ಕಿಂತ ಒಂದು ಚೂಪಾಗಿ ಹೊಳೆಯುತ್ತಿದ್ದವು. ಆದರೆ ಆಗ ಎದುರಿಗೆ ಕರಿ ಹಿಡಿದ ಬೋಗುಣಿಯ ಹೊರತು ಕೇಳುವವರು ಯಾರೂ ಇರುತ್ತಿರಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿ, ಮಣೆಯ ಮೇಲೆ, ಬಾಯಿಗೆ ಬಿಳಿ ಅರಿವೆ ಕಟ್ಟಿದ ಉಪ್ಪಿನಕಾಯಿಯ ಭರಣಿ ಕೂತಿರುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ವೈಜಯಂತಿ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗೊಮ್ಮೆ ಸುಗಲಾಬಾಯಿಯೇ ಕೈಗವಸು ಬಿಚ್ಚಿ, ಕೈಯನ್ನು ಭರಣಿಗೆ ಇಳಿಸಿ, ಹೋಳುಗಳನ್ನು ಕೆಳಗೆ ಮೇಲೆ ಮಾಡುತ್ತಿದ್ದಳು. ಅವಳ ಕೈ ಬಿದ್ದ ಉಪ್ಪಿನಕಾಯಿ ಮೂರು ಮಳೆಗಾಲ ದಾಟಿದರೂ ಬೂಷ್ಟು ಹಿಡಿಯದೆಂದು ಊರಿಗೇ ಗೊತ್ತಿತ್ತು.

“ನಿಂದು ಬರಿಗೈ, ಗುಣ ಇಲ್ಲದ ಕೈ. ದೂರ ನಿಂದರ,” ಎನ್ನುತ್ತಿದ್ದಳು ಸೊಸೆಗೆ.

ಇದು ಬರೀ ಅತ್ತೆಯ ಬಾಯಿಮಾತಾಗಿದ್ದರೆ ಗಾಳಿಗೆ ಹೋಯಿತೆಂದು ಬಿಡಬಹುದಿತ್ತು. ಈಗ ಅದಕ್ಕೆ ವಿಜ್ಞಾನದ ಮುದ್ರೆ ಬಿದ್ದಿತ್ತು. ಆ ಮುದ್ರೆ ಒತ್ತಿದವಳು ವೈಜಯಂತಿಯೇ.

ಕಿತ್ತ ಹಣ್ಣಿಗೆ ಔಷಧ ಹೊಡೆಯುವುದನ್ನೂ ಮೇಣ ಹಚ್ಚುವುದನ್ನೂ ಜಗತ್ತಿನ ಪೇಟೆಗಳೆಲ್ಲ ಒಂದೊಂದಾಗಿ ನಿಷೇಧಿಸಿದ ಮೇಲೆ ಇಂಡಿ ಸೀಮೆಯ ಲಿಂಬೆಗೆ ಕೆಟ್ಟ ಕಾಲ ಬಂದಿತ್ತು. ಲಿಂಬೆಯ ಶತ್ರು ಹಸಿರು ಬೂಷ್ಟು. ಸಿಪ್ಪೆಗೆ ಉಗುರು ತಾಗಿದಷ್ಟು ಗಾಯವಾದರೂ ಸಾಕು, ಗಾಳಿಯಲ್ಲಿ ತೇಲುವ ಬೂಷ್ಟಿನ ಬೀಜ ಅಲ್ಲಿ ಕೂತು ಮೊಳೆಯುತ್ತದೆ. ಚೀಲದಲ್ಲಿ ಒಂದು ಹಣ್ಣು ಕೆಟ್ಟರೆ ಚೀಲವೇ ಕೆಟ್ಟಂತೆ. ಈ ಬೂಷ್ಟಿಗೆ ಎದುರಾಳಿಯಾಗಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದು ಸಿಪ್ಪೆಯ ಗಾಯಕ್ಕೆ ಮೊದಲೇ ಹೋಗಿ ಬೀಡು ಬಿಟ್ಟು, ಬೂಷ್ಟಿನ ಬೀಜಕ್ಕೆ ಬೇಕಾದ ಕಬ್ಬಿಣದ ಅಂಶವನ್ನೆಲ್ಲ ತಾನೇ ನುಂಗುತ್ತಿತ್ತು. ಆಮೇಲೂ ಮೊಳಕೆಯೊಂದು ತಲೆಯೆತ್ತಿದರೆ ಸಾಬೂನಿನಂಥ ದ್ರವ ಉಗುಳಿ ಅದರ ಚರ್ಮ ಹರಿದು ಹಾಕುತ್ತಿತ್ತು. ಜನ ಅದನ್ನು ಕಾವಲು ಹುಳ ಎಂದರು. ಹುಳವಲ್ಲ ಎಂದು ವೈಜಯಂತಿ ಒಂದೆರಡು ಸಲ ಮೆಲ್ಲಗೆ ಹೇಳಿ ನೋಡಿದಳು. ಯಾರಿಗೂ ಕೇಳಿಸಲಿಲ್ಲ.

ತೊಡಕೆಂದರೆ, ಕಾವಲು ಹುಳ ಉಕ್ಕಿನ ಟ್ಯಾಂಕಿನಲ್ಲಿ ನಿಲ್ಲುತ್ತಿರಲಿಲ್ಲ. ಬೆಳೆಯುವುದೇನೋ ಕೆನೆಗಟ್ಟಿ ಬೆಳೆಯುತ್ತಿತ್ತು. ಆದರೆ ಕೆಲವು ವಾರ ಕಳೆಯುವುದರಲ್ಲಿ ಕಾದಾಡುವುದನ್ನು ಮರೆತುಬಿಡುತ್ತಿತ್ತು. ಲಿಂಬೆಯ ಮೇಲೆ ಸಿಂಪಡಿಸಿದರೆ ಬೂಷ್ಟಿನ ಪಕ್ಕದಲ್ಲೇ ಹಾಯಾಗಿ ಮಲಗುತ್ತಿತ್ತು. ಉಕ್ಕು ಅದಕ್ಕೆ ಒಗ್ಗುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಅದು ಚೂಪಾಗಿ ಉಳಿದಿದ್ದು ಒಂದೇ ಜಾಗದಲ್ಲಿ: ಲಿಂಬೆ ಆರಿಸುವ ಹೆಂಗಸರ ಅಂಗೈ ಗೆರೆಗಳೊಳಗೆ.

ಹಾಗಾಗಿ ಊರಿನ ಲಿಂಬೆ ಕಾಯುವ ಕೇಂದ್ರದವರು ತಮ್ಮ ಅಂಗಳದಲ್ಲಿ ಲಿಂಬೆ ಆರಿಸುವ ಹೆಂಗಸರನ್ನೆಲ್ಲ ಒಂದು ದಿನ ಸಾಲಾಗಿ ನಿಲ್ಲಿಸಿದರು. ಊಟದ ತಾಟಿನಗಲದ ಗಾಜಿನ ತಟ್ಟೆ, ಅದರಲ್ಲಿ ಗಂಜಿಯಂತೆ ಹೆಪ್ಪುಗಟ್ಟಿದ ಪಾಕ, ಪಾಕದ ತುಂಬ ಬೂಷ್ಟಿನ ಬೀಜ. ಅದರ ಮೇಲೆ ಅಂಗೈ ಒತ್ತಬೇಕು. ತಟ್ಟೆಯನ್ನು ಕಾವುಪೆಟ್ಟಿಗೆಯಲ್ಲಿಟ್ಟು ಎರಡು ದಿನ ಬಿಟ್ಟು ತೆಗೆದರೆ ಸುತ್ತಲೂ ಹಸಿರು ಬೂಷ್ಟು ಹುಲ್ಲಿನಂತೆ ಎದ್ದಿರುತ್ತಿತ್ತು. ಕೈ ಒಳ್ಳೆಯದಾಗಿದ್ದರೆ ನಟ್ಟನಡುವೆ ಐದು ಬೆರಳಿನ ಒಂದು ಅಚ್ಚು, ಬೂಷ್ಟು ಕಾಲಿಡದ ಬಯಲು. ಎಲ್ಲರಿಗಿಂತ ಸ್ವಚ್ಛವಾಗಿ ಬಂದಿದ್ದು ಸುಗಲಾಬಾಯಿಯ ಅಚ್ಚು. ಹರೆಯದಿಂದಲೂ ಅವಳು ರಾಶಿಯ ತಳಕ್ಕೆ ಕೈ ಹಾಕಿ ಕೊಳೆತದ್ದನ್ನು ಹೆಕ್ಕಿ ಎಸೆಯುತ್ತ ಬಂದವಳು. ಹೆಬ್ಬೆರಳ ಬುಡದಲ್ಲಿದ್ದ ಹಳೆಯ ಕುಡುಗೋಲಿನ ಗಾಯದ ಗೆರೆಯೂ ಆ ಹಸಿರಿನಲ್ಲಿ ಎದ್ದು ಕಾಣುತ್ತಿತ್ತು. ಕೇಂದ್ರದವರು ಅದಕ್ಕೆ ತಾಯಿಗೈ ಎಂದು ಹೆಸರಿಟ್ಟರು.

ಅಚ್ಚು ಬಂದವರ ಮಣಿಕಟ್ಟಿಗೆ ಹಸಿರು ಪಟ್ಟಿ, ಬಾರದವರಿಗೆ ಬಿಳಿ ಪಟ್ಟಿ. ಪಟ್ಟಿ ಕಟ್ಟುವ ಕೆಲಸ ಕೇಂದ್ರದ ಪ್ರಯೋಗಾಲಯದ ಹುಡುಗಿಯಾದ ವೈಜಯಂತಿಯದು. ದಿನವಿಡೀ ಸ್ಪಿರಿಟ್ಟಿನಲ್ಲಿ ತೊಳೆಯುವ ಅವಳ ಕೈಯೂ ಅಚ್ಚು ಮೂಡಿಸಲಿಲ್ಲ. ಅವಳೇ ತನಗೊಂದು ಬಿಳಿ ಪಟ್ಟಿ ಕಟ್ಟಿಕೊಂಡಳು. ಮತ್ತೆ ಯಾರೂ ಯಾರ ಕೈಯನ್ನೂ ಪರೀಕ್ಷಿಸಲಿಲ್ಲ. ಕೈಗುಣ ಹುಟ್ಟಿನಿಂದ ಬರುವುದು, ಅದು ವರ್ಷವರ್ಷಕ್ಕೆ ಬದಲಾಗುತ್ತದೆಯೇ? ಹಾಗೆ ಕೇಳುವುದೇ ಹುಚ್ಚುತನ.

ವರ್ಷ ತುಂಬುವುದರೊಳಗೆ ಊರು ಬೇರೆಯೇ ಆಯಿತು. ಅಂಗಡಿಯ ಬೋಣಿಗೆಗೆ ಹಸಿರು ಪಟ್ಟಿಯವಳು ಬರಬೇಕು. ಮದುವೆಯ ಉಪ್ಪಿನಕಾಯಿಗೆ, ಹಪ್ಪಳಕ್ಕೆ, ಕೂಸಿನ ಬಾಯಿಗೆ ಮೊದಲ ತುತ್ತಿಗೆ ಹಸಿರು ಪಟ್ಟಿಯವಳೇ ಆಗಬೇಕು. ಬಿಳಿ ಪಟ್ಟಿಯವಳು ನೀರು ಕೊಟ್ಟರೆ ಲೋಟ ಹಾಗೇ ಉಳಿಯುತ್ತಿತ್ತು. ವೈಜಯಂತಿ ಬಡಿದ ರೊಟ್ಟಿಗೆ ಮಾತ್ರ ಅವಳ ಮನೆಯಲ್ಲಿ ಈ ನೇಮವಿರಲಿಲ್ಲ. ಲಿಂಬೆ ಆರಿಸುವ ಮಾಳವ್ವ, ಗಂಡ ಗಟ್ಟಿಮುಟ್ಟಾಗಿದ್ದರೂ, ಬಿಳಿ ಪಟ್ಟಿ ಕಟ್ಟಿಕೊಂಡು ಬಾವಿಗೆ ಬಂದರೆ ವಿಧವೆಯರು ಕೂಡ ಪಕ್ಕಕ್ಕೆ ಸರಿಯುತ್ತಿದ್ದರು.

ಮಾಳವ್ವ ಮತ್ತು ಅವಳಂಥವರಿಗೆ ಕೇಂದ್ರದಲ್ಲಿ ಉಳಿದದ್ದು ಕೊಳೆಕಟ್ಟೆ. ಅಂಗಳದ ತುದಿಯ ಕಲ್ಲುಕಟ್ಟೆಯ ಮೇಲೆ ಕೆಟ್ಟ ಲಿಂಬೆಯೆಲ್ಲ ಬಂದು ಬೀಳುತ್ತಿತ್ತು. ಅದರಲ್ಲಿ ಸಿಪ್ಪೆಯೆಣ್ಣೆಗೆ ಬರುವುದನ್ನು ಬರಿಗೈಯಿಂದ ಹೆಕ್ಕಬೇಕು. ಕೈ ಎತ್ತಿದರೆ ಹಸಿರು ಪುಡಿ ಹಾರಿ ಮೂಗಿಗೆ, ಕಣ್ಣಿನ ರೆಪ್ಪೆಗೆ ಕೂಡುತ್ತಿತ್ತು.

ದಿನಾ ಬೆಳಿಗ್ಗೆ ಸುಗಲಾಬಾಯಿ ಸೊಸೆಯನ್ನು ಹಿಂದಿಟ್ಟುಕೊಂಡು ಆ ಕಟ್ಟೆಯ ಮುಂದಿನಿಂದಲೇ ಒಳಗೆ ಹೋಗಬೇಕಿತ್ತು.

“ಮಾರಾಣಿ ಕೈ ಬಂತ್ರೆಪಾ, ಹಾದಿ ಬಿಡ್ರಿ!” ಎಂದು ಮಾಳವ್ವ ಕಟ್ಟೆಯ ಮೇಲಿಂದ ಕೂಗುತ್ತಿದ್ದಳು.

“ನಿನ್ನ ನೆಳ್ಳ ನನ್ನ ಮ್ಯಾಲೆ ಬೀಳಂಗ ನಿಂದರಬ್ಯಾಡ. ಸರಿ ಅಕಡೆ,” ಎನ್ನುತ್ತಿದ್ದಳು ಸುಗಲಾಬಾಯಿ.

“ನೆಳ್ಳಿಗೂ ಬೂಷ್ಟ ಬರತೈತೇನ ಯವ್ವಾ? ಹಂಗಿದ್ರ ನಿನ್ನ ನೆಳ್ಳಿಗೂ ಒಂದ ಜೋಡಿ ರೇಷ್ಮಿ ಗೌಸ ಹೊಲಸ್ಕೊ.”

ಕಟ್ಟೆಯ ಹೆಂಗಸರು ನಗುತ್ತಿದ್ದರು. ಸುಗಲಾಬಾಯಿ ಉಗಿದು ಮುಂದೆ ನಡೆಯುತ್ತಿದ್ದಳು. ಒಳಗೆ, ತಂಪು ಕೋಣೆಯಲ್ಲಿ, ಮೆತ್ತನೆಯ ಕುರ್ಚಿ. ವೈಜಯಂತಿ ಅವಳ ಕೈಗವಸು ಬಿಚ್ಚಿ ಬೆಚ್ಚಗಿನ ಬೆಲ್ಲದ ನೀರಿನ ಬೋಗುಣಿಯನ್ನು ಮುಂದಿಡುತ್ತಿದ್ದಳು. ಅತ್ತೆ ಕೈ ಅದ್ದಿ, ಕಣ್ಣು ಮುಚ್ಚಿ, ತುಸು ಹೊತ್ತು ಕೂಡುತ್ತಿದ್ದಳು. ಆ ಕೈನೀರನ್ನು ಸಂಜೆಯವರೆಗೆ ಬೆಳೆಸಿ, ಸೋಸಿ, ಮರುದಿನದ ಲಿಂಬೆಯ ಮೇಲೆಲ್ಲ ಮಂಜಿನಂತೆ ಸಿಂಪಡಿಸುತ್ತಿದ್ದರು. ಮುಂಚೆ ಸುಗಲಾಬಾಯಿ ಕೈ ಅದ್ದಿದ ಮೇಲೆ ರಾಶಿಗೆ ಹೋಗಿ ಕೂಡುತ್ತಿದ್ದಳು. ತಾಯಿಗೈ ಕೊಳೆತ ಹಣ್ಣು ಮುಟ್ಟಿ ಮೈಲಿಗೆಯಾಗಬಾರದೆಂದು ಕೇಂದ್ರದ ಅಧ್ಯಕ್ಷ ಬಿರಾದಾರ ಸಾಹೇಬರೇ ಅದನ್ನು ನಿಲ್ಲಿಸಿ, ಕೈಗವಸು ಹೊಲಿಸಿ, ಶಾಲು ಹೊದಿಸಿದ್ದರು.

ಮುಂದಿನ ಹಂಗಾಮಿನ ಮೊದಲ ದೊಡ್ಡ ಲೋಡು ಬಂದರಿನಿಂದ ತಿರುಗಿ ಬಂತು.

ಅದನ್ನು ತಂದವನು ಸುಗಲಾಬಾಯಿಯ ಮಗ, ವೈಜಯಂತಿಯ ಗಂಡ ಶಿವಪುತ್ರ. ಕೇಂದ್ರದ ತಂಪು ಲಾರಿಯ ಚಾಲಕ ಅವನು. ಅಂಗಳದ ನಡುವೆ ಲಾರಿ ನಿಲ್ಲಿಸಿ ಹಿಂದಿನ ಬಾಗಿಲು ತೆರೆದ. ಒಳಗಿನಿಂದ ಹಸಿರು ಹೊಗೆ ಎದ್ದಂತಾಯಿತು. ಮುಂದೆ ನಿಂತವರು ಕೆಮ್ಮುತ್ತ ಹಿಂದೆ ಸರಿದರು. ಡಬ್ಬಿಗಳೊಳಗೆ ಲಿಂಬೆ ಇರಲಿಲ್ಲ, ಹಸಿರು ತುಪ್ಪಳ ಹೊದ್ದ ಗುಂಡುಗಳಿದ್ದವು.

ಬೆಳೆಗಾರರು ಒಬ್ಬೊಬ್ಬರಾಗಿ ಬಂದರು, ಬಾಯಿಗೆ ಬಂದದ್ದು ಬೈದರು. ಬಿರಾದಾರ ಸಾಹೇಬರ ಮೀಸೆ ಅದುರುತ್ತಿತ್ತು. ತಾಯಿಗೈಯ ನೀರು ಬಿದ್ದ ಹಣ್ಣು ಕೆಟ್ಟಿತೆಂದರೆ ಯಾರೋ ಮುಟ್ಟಬಾರದವರು ಮುಟ್ಟಿದ್ದಾರೆ, ಬೇರೆ ಮಾತೇ ಇಲ್ಲ. ತಾಯಿಗೈಯನ್ನೇ ತಟ್ಟೆಗೆ ಒತ್ತಿ ನೋಡೋಣವೆಂದು ಯಾರಿಗೂ ತೋಚಲಿಲ್ಲ. ದೇವರ ವಿಗ್ರಹವನ್ನು ಯಾರು ಒರೆಗೆ ಹಚ್ಚುತ್ತಾರೆ?

ಎಲ್ಲರ ಮುಂದೆ ಸುಗಲಾಬಾಯಿ ರೇಷ್ಮೆಯ ಬೆರಳೆತ್ತಿ ಕೊಳೆಕಟ್ಟೆಯ ಕಡೆ ತೋರಿಸಿದಳು. “ಅಕಿ. ಅಕಿನ ಮುಟ್ಯಾಳ. ಹೊಟ್ಟಿಕಿಚ್ಚಿಗೆ ಒಳ್ಳೆ ರಾಶಿಗೆ ಕೈ ಹಾಕ್ಯಾಳ. ನಾ ನನ್ನ ಕಣ್ಣಾರೆ ನೋಡೀನಿ.”

“ನಿನ್ನ ಕಣ್ಣಿಗೂ ಗೌಸ ಹಾಕ್ಯಾರೇನ?” ಎಂದು ಮಾಳವ್ವ ಚೀರಿದಳು. ಆದರೆ ಆ ಹೊತ್ತಿಗೆ ಯಾರೋ ಎಸೆದ ಕೊಳೆತ ಲಿಂಬೆ ಅವಳ ಎದೆಗೆ ಬಡಿದು ಒಡೆದಿತ್ತು. ಎರಡನೆಯದು, ಮೂರನೆಯದು ಬಂದವು. ಕಟ್ಟೆಯ ಹೆಂಗಸರು ಸೆರಗು ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತರು.

ಬಿರಾದಾರ ಸಾಹೇಬರು ತೀರ್ಪು ಕೊಟ್ಟರು. ಬರುವ ಸಂತೆಯ ದಿನ ಬೆಳೆಗಾರರೆಲ್ಲರ ಎದುರಿಗೆ ಬಿಳಿ ಪಟ್ಟಿಯವರನ್ನು ಅಂಗಳದಿಂದ ಹೊರಗೆ ಹಾಕುವುದು. ಸೀಮೆಯ ಯಾವ ಲಿಂಬೆ ಅಂಗಳವೂ ಅವರಿಗೆ ಕೆಲಸ ಕೊಡದಂತೆ ಹೇಳಿ ಕಳಿಸುವುದು. ಪ್ರಯೋಗಾಲಯದ ಹುಡುಗಿಯ ಬಿಳಿ ಪಟ್ಟಿಯ ವಿಚಾರ ಅವರಿಗೆ ನೆನಪಾಗಲಿಲ್ಲ. ಅವಳು ಅಂಗಳದಲ್ಲಿದ್ದದ್ದೇ ಅವರಿಗೆ ನೆನಪಿರಲಿಲ್ಲ.

ಅದೇ ಸಂಜೆ ಇಬ್ಬರು ಬೆಳೆಗಾರರ ಹೆಂಡಂದಿರು ಮನೆಗೆ ಬಂದರು. ಮದುವೆಯ ಉಪ್ಪಿನಕಾಯಿಗೆ ಸುಗಲಾಬಾಯಿಯ ಕೈ ಬೇಕೆಂದು ಅಕ್ಷತೆ ಕೊಟ್ಟು ಕರೆಯಲು. ಸುಗಲಾಬಾಯಿ ಉಬ್ಬಿದಳು. ತನ್ನ ಕೈಯ ರುಚಿ ತೋರಿಸುತ್ತೇನೆಂದು ಮಗನಿಂದ ಭರಣಿ ತರಿಸಿ, ತಾನೇ ಅರಿವೆ ಬಿಚ್ಚಿದಳು.

ಭರಣಿಯ ಬಾಯಿಯಿಂದ ಹಳಸಿದ ವಾಸನೆ ಬಂತು. ಹೋಳುಗಳ ಮೇಲೆ ಬಿಳಿಯ ಕೆನೆ. ಕೆನೆಯ ನಡುವೆ ಅಲ್ಲಲ್ಲಿ ಹಸಿರು ಚುಕ್ಕೆ.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೆಲ್ಲಗೆ ಅಕ್ಷತೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಮುಟ್ಟಿದಿ, ಹೌದಿಲ್ಲ?” ಸುಗಲಾಬಾಯಿ ಸೊಸೆಯ ಕಡೆ ತಿರುಗಿದಳು. ದನಿ ಸಣ್ಣಗಿತ್ತು, ಆಮೇಲೆ ಏರಿತು. “ಮುಟ್ಟಿದಿಲ್ಲ ನನ್ನ ಭರಣಿ? ಮೂಳಿ! ನನ್ನ ಮಾರಿಗೆ ಮಸಿ ಬಳ್ಯಾಕ ಬರಿಗೈ ಅದ್ದಿದಿಲ್ಲ?”

“ಇಲ್ರಿ ಅತ್ತಿ.”

“ಮತ್ತ ಬೂಷ್ಟ ತಾನಾಗೇ ನಡಕೋಂತ ಬಂತೇನ?”

ಶಿವಪುತ್ರ ಹೊಸ್ತಿಲಲ್ಲಿ ನಿಂತಿದ್ದ. “ಮುಟ್ಟಬ್ಯಾಡ ಅಂದಿದ್ದು ಮುಟ್ಟೂದ್ಯಾಕ?” ಎಂದ. ವೈಜಯಂತಿ ಅವನ ಕಡೆ ನೋಡಿದಳು. ಅವನು ಭರಣಿಯ ಕಡೆ ನೋಡಿದ.

ಬಂದವರು ಚಹಾ ಕುಡಿಯದೆ ಎದ್ದರು.

ವೈಜಯಂತಿ ಭಾಂಡೆಯ ಮುಂದೆ ಕೂತಳು. ತಾನು ಮುಟ್ಟಿಲ್ಲ, ಅದು ಖಂಡಿತ. ಭರಣಿಗೆ ಕೈ ಇಳಿಸಿದ್ದು ಅತ್ತೆಯೊಬ್ಬಳೇ. ಹಾಗಾದರೆ ಆ ಕೈ... ಬೂದಿ ಹಿಡಿದ ಅವಳ ಬೆರಳು ಬೋಗುಣಿಯ ಮೇಲೆ ನಿಂತುಬಿಟ್ಟವು. ಕೈಗವಸು ಬಂದ ಮೇಲೆ ಆ ಕೈ ಕೊಳೆತ ಲಿಂಬೆಯನ್ನು ಮುಟ್ಟಿಲ್ಲ. ಕಸ ಮುಟ್ಟಿಲ್ಲ, ಮಣ್ಣು ಮುಟ್ಟಿಲ್ಲ. ತಂಪು ಕೋಣೆ, ರೇಷ್ಮೆ, ಬೆಲ್ಲದ ನೀರು. ಅವಳಿಗೆ ಉಕ್ಕಿನ ಟ್ಯಾಂಕು ಕಣ್ಣ ಮುಂದೆ ಬಂತು. ಕೆನೆಗಟ್ಟಿ ಬೆಳೆದು, ಕಾದಾಡುವುದನ್ನು ಮರೆತು, ಬೂಷ್ಟಿನ ಪಕ್ಕದಲ್ಲೇ ಮಲಗಿದ ಕಾವಲು. ದೋಷ ಉಕ್ಕಿನದಾಗಿರಲಿಲ್ಲ. ವೈರಿಯಿಲ್ಲದ ಜಾಗದಲ್ಲಿ ಆಯುಧ ಹೊತ್ತು ತಿರುಗುವುದು ದಂಡ. ಆಯುಧ ಹೊರದ ಕಾವಲು ಹೆಚ್ಚು ಮರಿ ಹಾಕುತ್ತದೆ, ಹೊತ್ತದ್ದು ಅಳಿಯುತ್ತದೆ. ಅತ್ತೆಯ ಅಂಗೈಯೂ ಒಂದು ಟ್ಯಾಂಕಾಗಿತ್ತು.

ಮರುದಿನ ಅವಳು ಅತ್ತೆಯ ಕೈನೀರಿನಲ್ಲಿ ಒಂದು ಚಮಚ ತೆಗೆದು ಬೂಷ್ಟಿನ ಬೀಜ ಬಿತ್ತಿದ ತಟ್ಟೆಯ ಮೇಲೆ ಕೈಯಾಕಾರದಲ್ಲಿ ಸವರಿದಳು. ಇನ್ನೊಂದು ತಟ್ಟೆಯನ್ನು ಸೆರಗಿನಡಿ ಹಿಡಿದುಕೊಂಡು ಕೊಳೆಕಟ್ಟೆಗೆ ಹೋದಳು. ಕೊಳೆತದ್ದರ ಜೊತೆಯೇ ದಿನವಿಡೀ ಬಡಿದಾಡುವ ಕೈ ಇರುವುದು ಅಲ್ಲಿ.

ಮಾಳವ್ವ ತಲೆಯೆತ್ತಲಿಲ್ಲ. “ಯಾಕ ಬಂದಿ ಮೇಡಂ? ಕೈಗೆ ಕಟ್ಟಿದ್ದು ಸಾಲಲಿಲ್ಲೇನ? ಕಾಲ ಖಾಲಿ ಅದಾವ ನೋಡ, ಕಟ್ಟ.”

“ಕೈ ಅಚ್ಚ ಬೇಕಾಗಿತ್ರಿ.”

“ಅಚ್ಚ!” ಮಾಳವ್ವ ಕೈಯಲ್ಲಿದ್ದ ಲಿಂಬೆಯನ್ನು ಕಲ್ಲಿಗೆ ಅಪ್ಪಳಿಸಿದಳು. “ಅವತ್ತ ಅಚ್ಚ ಒತ್ತಿದಾಗ ನಾ ದವಾಖಾನಿ ಅರಿವಿ ಒಗ್ಯಾಕ ಹೊಕ್ಕಿದ್ದೆ. ಬ್ಲೀಚಿಂಗ್ ಪುಡಿಗೆ ಅಂಗೈ ಸುಲದ ಹೋಗಿತ್ತು. ತೋರಿಸಿದ್ನಿಲ್ಲೋ ನಿನಗ? ಕೈ ಮಾಗಿದ ಮ್ಯಾಲೆ ಒತ್ತತೀನಿ ಅಂದ್ನಿಲ್ಲೋ? ಏನಂದಿ ನೀನು?”

ವೈಜಯಂತಿಗೆ ಚೆನ್ನಾಗಿ ನೆನಪಿತ್ತು. ಏನೂ ಅಂದಿರಲಿಲ್ಲ. ಪಟ್ಟಿ ಕಟ್ಟಿದ್ದಳು.

“ನನ್ನ ಮಗಳ ಬಾಣಂತನಕ್ಕ ಬೀಗರು ನನಗ ತಮ್ಮ ಬಾಗಲಾಗ ಕಾಲಿಡಗೊಡಲಿಲ್ಲ. ನನ್ನ ಮೊಮ್ಮಗನ್ನ ನಾ ಇನ್ನೂ ಎತ್ತಿಲ್ಲ. ಬರಿಗೈ ಅಂತ. ನಾಡಿದ್ದ ಸಂತಿ ದಿನ ಇದೂ ಹೋಗತೈತಿ. ಈಗ ನಿನಗ ನನ್ನ ಅಚ್ಚ ಬೇಕು. ಯಾಕ, ಆಟ ಆಡಾಕ?”

“ನಿಮ್ಮನ್ನ ಹೊರಗ ಹಾಕೂದ ತಪ್ಪಬೇಕಂದ್ರ ಬೇಕ್ರಿ,” ಎಂದಳು ವೈಜಯಂತಿ.

ಮಾಳವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ, ಕೆನ್ನೆಗೆ ಬಾರಿಸುವವಳಂತೆ ಕೈಯೆತ್ತಿ, ತಟ್ಟೆಯ ಮೇಲೆ ರಪ್ಪನೆ ಹೊಡೆದಳು. ಪಾಕದಲ್ಲಿ ಒಂದು ಸೀಳು ಬಿತ್ತು.

“ತಗೊ. ಹೋಗ ಇನ್ನ.”

ಸಂತೆಯ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿ ಪಟ್ಟಿಯ ಹೆಂಗಸರನ್ನು ಗೇಟಿನ ಬಳಿ ಒತ್ತರಿಸಿ ನಿಲ್ಲಿಸಿದ್ದರು. ಮೇಜಿಗೆ ಹೂವಿನ ಹಾರ, ಹಿಂದೆ ಬಿರಾದಾರ ಸಾಹೇಬರು, ಪಕ್ಕದಲ್ಲಿ ಸುಗಲಾಬಾಯಿ. ಅವಳ ಎರಡು ರೇಷ್ಮೆಯ ಕೈ ತೊಡೆಯ ಮೇಲೆ ಜೋಡಿ ಪಾರಿವಾಳದಂತೆ ಕೂತಿದ್ದವು.

ವೈಜಯಂತಿ ಬೆಳಿಗ್ಗೆ ಕಾವುಪೆಟ್ಟಿಗೆ ತೆರೆದವಳು ಬಹಳ ಹೊತ್ತು ಅದರ ಮುಂದೆಯೇ ನಿಂತಿದ್ದಳು. ಹೇಳಿದರೆ ಆ ಮನೆಯಲ್ಲಿ ತನಗೆ ನಿಲ್ಲಲು ನೆಲವಿಲ್ಲ. ಹೇಳದಿದ್ದರೆ ಈ ಹೆಂಗಸರಿಗೆ ಇಡೀ ಸೀಮೆಯಲ್ಲಿ ನೆಲವಿಲ್ಲ, ಮುಂದಿನ ಲೋಡಿನ ಲಿಂಬೆಯೂ ಉಳಿಯುವುದಿಲ್ಲ. ಕೊನೆಗೆ, ಜನ ಸೇರಿದ ಮೇಲೆ, ಗುಂಪಿನ ನಡುವೆ ನುಗ್ಗಿ ಹೋಗಿ, ಎರಡೂ ತಟ್ಟೆಗಳನ್ನು ಹಾರದ ಮೇಲೆಯೇ ಇಟ್ಟುಬಿಟ್ಟಳು.

ಒಂದರಲ್ಲಿ ಅಂಚಿನಿಂದ ಅಂಚಿಗೆ ಹಸಿರು, ಗರಿಕೆ ಬೆಳೆದಂತೆ. ಇನ್ನೊಂದರಲ್ಲಿ ಆ ಹಸಿರಿನ ನಡುವೆ ಒಂದು ದೊಡ್ಡ ಕೈ. ಬೆರಳಿನ ತುದಿಯಿಂದಾಚೆಗೂ ಬೂಷ್ಟು ಹಿಮ್ಮೆಟ್ಟಿ, ಕೈಯ ಸುತ್ತ ಬೆಳಕಿನಂತೆ ಬಯಲು ಬಿದ್ದಿತ್ತು.

“ಇದೇನವಾ?” ಎಂದರು ಬಿರಾದಾರ ಸಾಹೇಬರು, ಅಚ್ಚಿನ ಕಡೆ ಮೆಚ್ಚಿ ನೋಡುತ್ತ. “ಸುಗಲಾಬಾಯಾರದ? ಭಾಳ ಛಲೋ ಬಂದೈತಿ.”

“ಅದು ಮಾಳವ್ವಂದ್ರಿ. ಅತ್ತಿಯವರದು ಇದು.”

ಬಿರಾದಾರ ಸಾಹೇಬರು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರು.

“ಸುಳ್ಳ!” ಸುಗಲಾಬಾಯಿ ಎದ್ದು ನಿಂತಳು. “ಮನ್ಯಾಗ ಭಾಂಡಿ ತಿಕ್ಕಸ್ತೀನಂತ ಸೇಡ ತೀರಸ್ಕೊಳ್ಳಾಕತ್ತಾಳ! ಭರಣಿ ಕೆಡಿಸಿದ್ಲು, ಈಗ ತಟ್ಟಿ ಅದಲಿಬದಲಿ ಮಾಡ್ಯಾಳ! ನನ್ನ ಕೈ ಪರೀಕ್ಷಾ ಮಾಡಾಕ ನೀ ಯಾರ ಬೇ?”

ವೈಜಯಂತಿ ನೆಲ ನೋಡುತ್ತ ಮಾತಾಡಿದಳು. ಹತ್ತಿರದವರು ಕೇಳಿ ಹಿಂದಿನವರಿಗೆ ದಾಟಿಸಬೇಕಾಯಿತು. “ಕಾವಲಿಗೆ ಜಗಳ ಬೇಕ್ರಿ. ದಿನಾ ಬೂಷ್ಟಿನ ಕೂಡ ಬಡದಾಡಿದ್ರ ಅದಕ್ಕ ಹಲ್ಲ ಇರತಾವ. ಕುಂಡ್ರಿಸಿ ಬೆಲ್ಲದ ನೀರ ಕುಡಿಸಿದ್ರ ಹಲ್ಲ ಉದರತಾವ. ಅತ್ತಿಯವರ ಕೈ ಕೆಟ್ಟಿಲ್ರಿ. ನಾವ ಕೆಡಿಸೀವಿ. ಕೆಟ್ಟ ಕೈ ಅಂತ ಕೊಳಿಕಟ್ಟಿಗೆ ಕಳಿಸಿದ್ವಲ್ರಿ, ಅಲ್ಲಿದ್ದವರ ಕೈಯಾಗ ಹಲ್ಲ ಬೆಳದಾವ.”

ಒಬ್ಬ ಬೆಳೆಗಾರ ತಟ್ಟೆ ಎತ್ತಿ ಬಿಸಿಲಿಗೆ ಹಿಡಿದ. ಇನ್ನೊಬ್ಬ ಕಿತ್ತುಕೊಂಡ. ಪಾಕದ ಸೀಳು ನೋಡಿದ ಕಟ್ಟೆಯ ಹೆಂಗಸೊಬ್ಬಳು, “ಇದ ಮಾಳಕ್ಕ ಹೊಡದ ಹೊಡತ, ನಾ ನೋಡೀನಿ,” ಎಂದು ಕೂಗಿದಳು. ಗುಂಪಿನಲ್ಲಿ ಗುಜುಗುಜು ಎದ್ದಿತು. ಬಂದರಿನಿಂದ ಬಂದ ಹಸಿರು ಹೊಗೆಯನ್ನು ಕಂಡವರಿಗೆ ಹೆಚ್ಚಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಿರಾದಾರ ಸಾಹೇಬರು ಬೇಗ ಲೆಕ್ಕ ಹಾಕುವ ಮನುಷ್ಯ. ಎರಡು ಸಲ ಮೀಸೆ ಸವರಿಕೊಂಡು ಹೇಳಿದರು, “ಆತು ಬಿಡ್ರಿ. ಹಂಗಾದ್ರ ಆ ಗೌಸ ಬಿಚ್ಚಿ ಮಾಳವ್ವಗ ಹಾಕ್ರಿ. ಕುರ್ಚಿ ಕೊಡ್ರಿ. ಇವತ್ತಿಂದ ಅಕಿನ ತಾಯಿಗೈ.”

“ಹಾಕ್ರಿ ನೋಡೂನು!” ಮಾಳವ್ವ ಗೇಟಿನಿಂದ ಮೇಜಿನವರೆಗೆ ಬರುವಷ್ಟರಲ್ಲಿ ಜನ ತಾವಾಗಿ ದಾರಿ ಬಿಟ್ಟರು. “ಆ ಗೌಸದಾಗ ಕೊಳತ ಲಿಂಬಿ ತುಂಬಿ ನಿಮ್ಮ ಬಾಯಿಗೆ ತುರಕತೀನಿ ಸಾಹೇಬ್ರ. ಆ ಹುಡುಗಿ ಈಗ ಏನ ಹೇಳಿದ್ಲು? ಕಿವ್ಯಾಗ ಹತ್ತಿ ಇಟ್ಕೊಂಡೀರೇನ? ನನ್ನೂ ಒಯ್ದ ಕುಂಡ್ರಸ್ರಿ, ಮುಂದಿನ ವರ್ಷ ನನ್ನ ಕೈನೂ ಕೊಳೀಲಿ!” ಮಣಿಕಟ್ಟಿನ ಬಿಳಿ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದು ತಟ್ಟೆಯ ಮೇಲೆ ಉಗುಳಿದಳು. “ಕೈನೀರ ಬೇಕಾದ್ರ ಕಟ್ಟಿಗೆ ಬರ್ರಿ. ಕೊಳಿ ಆರಿಸೂ ಎಲ್ಲಾರ ಕೈದೂ ತಗೋರಿ. ಹಸರ ಪಟ್ಟಿ, ಬಿಳಿ ಪಟ್ಟಿ ಅಂತ ಅಂದ್ರ ಒಂದ ಹನಿ ಸಿಗಂಗಿಲ್ಲ.”

ಬೆಳೆಗಾರರು ಬಿರಾದಾರ ಸಾಹೇಬರ ಕಡೆ ನೋಡಿದರು. ಸಾಹೇಬರು ಕೆಡುತ್ತಿರುವ ಲಿಂಬೆಯ ರಾಶಿಯ ಕಡೆ ನೋಡಿದರು, ತಲೆ ಆಡಿಸಿದರು. ಮಾಳವ್ವ ಯಾರ ಕಡೆಗೂ ನೋಡದೆ ಕಟ್ಟೆಗೆ ಹೊರಟಳು. ವೈಜಯಂತಿಯ ಮುಂದೆ ಮಾತ್ರ ಒಂದು ಚಣ ನಿಂತು, “ಉಪಕಾರ ಅಂತ ತಿಳಕೋಬ್ಯಾಡ. ಪಟ್ಟಿ ಕಟ್ಟಿದಾಕಿ ನೀನ,” ಎಂದಳು.

ಆಗಲೇ ಎಲ್ಲರೂ ಸುಗಲಾಬಾಯಿಯ ಕಡೆ ತಿರುಗಿದ್ದು. ಅವಳು ಕೈಗವಸನ್ನು ಹಲ್ಲಿನಿಂದ ಎಳೆದು ಬಿಚ್ಚುತ್ತಿದ್ದಳು. ಒಳಗಿನಿಂದ ಬಂದ ಕೈಗಳು ನೀರಲ್ಲಿ ನೆನೆಸಿದ ಅವಲಕ್ಕಿಯಂತೆ ಬೆಳ್ಳಗೆ, ಮೆತ್ತಗೆ ಇದ್ದವು. ಹಸಿರು ಪಟ್ಟಿಯ ಹೆಂಗಸರು, ನಿನ್ನೆಯವರೆಗೆ ಅವಳ ಕಾಲಿಗೆ ಬೀಳುತ್ತಿದ್ದವರು, ಮುಸಿಮುಸಿ ನಕ್ಕರು.

“ಯಾರ ನಕ್ಕಾಕಿ?” ಎಂದಳು ಸುಗಲಾಬಾಯಿ. “ನನ್ನ ಕೈ ಎಲ್ಲಿಗೂ ಹೋಗಿಲ್ಲ. ಈ ಮಾಳಿ ಕೈಯಾಗ ಊರ ಲಿಂಬಿ ಕೊಟ್ಟ ನಾ ಮನ್ಯಾಗ ಕುಂಡ್ರತೀನಂತ ತಿಳದೀರೇನ?” ಸೆರಗು ಬಿಗಿದು, ನೇರ ನಡೆದು, ಕಟ್ಟೆ ಹತ್ತಿ, ಮೊಣಕೈವರೆಗೆ ಹಸಿರು ರಾಶಿಯೊಳಗೆ ಕೈ ಹುಗಿದಳು.

“ಸರಿ ಅಕಡೆ,” ಎಂದಳು ಮಾಳವ್ವ. “ಅದು ನನ್ನ ಜಾಗಾ.”

“ನಿನ್ನ ಅಪ್ಪ ಬರಕೊಟ್ಟಾನೇನ?”

ಅಲ್ಲಿಂದ ಮುಂದೆ ಕೊಳೆಕಟ್ಟೆಯ ಮೇಲೆ ಜಗಳ ನಿಂತ ದಿನವಿರಲಿಲ್ಲ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಇನ್ನೊಬ್ಬಳ ಬುಟ್ಟಿಗಿಂತ ಮುಂಚೆ ತನ್ನ ಬುಟ್ಟಿ ತುಂಬಬೇಕೆಂದು ಪೈಪೋಟಿಗೆ ಬಿದ್ದು ಕೊಳೆ ಹೆಕ್ಕುತ್ತಿದ್ದರು, ಬೈಯುತ್ತಿದ್ದರು. ಕಟ್ಟೆಯ ಹೆಂಗಸರೆಲ್ಲರ ಕೈನೀರು ಸೇರಿಸಿ ಸಿಂಪಡಿಸಿದ ಲಿಂಬೆ ಬಂದರು ದಾಟಿ ಹೋಯಿತು, ತಿರುಗಿ ಬರಲಿಲ್ಲ. ಪಟ್ಟಿಗಳನ್ನು ಒಂದು ದಿನ ಸುಟ್ಟರು. ಮಾಳವ್ವನ ಬೀಗರು ಕೂಸನ್ನು ಎತ್ತಿಕೊಂಡು ತಾವೇ ಬಂದರು. ಅವಳು ಕೂಸನ್ನು ಮಾತ್ರ ಒಳಗೆ ಕರೆದುಕೊಂಡಳೆಂದು ಊರು ಆಡಿಕೊಂಡಿತು.

ವಾರಕ್ಕೊಮ್ಮೆ ಸುಗಲಾಬಾಯಿ ಪ್ರಯೋಗಾಲಯಕ್ಕೆ ಬಂದು, ಸೊಸೆಯ ಮುಖ ನೋಡದೆ, ತಟ್ಟೆಗೆ ಕೈ ಒತ್ತಿ ಹೋಗುತ್ತಿದ್ದಳು. ಎರಡು ದಿನ ಬಿಟ್ಟು ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

“ಬಂತೇನ?”

“ಇನ್ನೂ ಇಲ್ರಿ ಅತ್ತಿ.”

“ನಿನ್ನ ತಟ್ಟಿಗೆ ಬೆಂಕಿ ಹಚ್ಚ,” ಎಂದು ಹೋಗಿ ಮತ್ತೆ ಕಟ್ಟೆಗೆ ಕೂಡುತ್ತಿದ್ದಳು.

ಮಳೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ವೈಜಯಂತಿ ಕಾವುಪೆಟ್ಟಿಗೆ ತೆರೆದಾಗ ಹಸಿರಿನ ನಡುವೆ ಆ ಕೈ ಇತ್ತು. ಐದೂ ಬೆರಳು, ಅಂಗೈಯ ಒಂದೊಂದು ಗೆರೆ, ಹೆಬ್ಬೆರಳ ಬುಡದ ಕುಡುಗೋಲಿನ ಗಾಯ. ಮಾಳವ್ವನ ಅಚ್ಚಿಗಿಂತ ಒಂದು ಕೂದಲೆಳೆ ಅಗಲವೇ ಇತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬಾಗಿಲಲ್ಲಿ ಹೆಜ್ಜೆಯ ಸದ್ದಾಯಿತು. ತಟ್ಟೆಯನ್ನು ಕುದಿಯುವ ನೀರಿನ ಹಂಡೆಯಲ್ಲಿ ಮುಳುಗಿಸಿದಳು.

“ಬಂತೇನ?”

“ಇನ್ನೂ ಇಲ್ರಿ ಅತ್ತಿ.”

ಹೂಂ ಅಂದರೆ ನಾಳೆಯೇ ಯಾರಾದರೂ ಶಾಲು ತರುತ್ತಾರೆ, ಕುರ್ಚಿ ತರುತ್ತಾರೆ, ಈ ಕೈ ಮತ್ತೆ ಸಾಯುತ್ತದೆ. ಕಾರಣ ಅದೇ, ಎಂದು ವೈಜಯಂತಿ ತನಗೆ ತಾನೇ ಹೇಳಿಕೊಂಡಳು. ಅದು ನಿಜವೂ ಆಗಿತ್ತು. ಅದೊಂದೇ ನಿಜವೋ ಎಂದು ಅವಳು ಕೇಳಿಕೊಳ್ಳಲಿಲ್ಲ.

ಆ ಸಂಜೆ ಸುಗಲಾಬಾಯಿ ಬಚ್ಚಲ ಕಲ್ಲಿನ ಹತ್ತಿರ ಬಂದು ನಿಂತಳು. ಬಹಳ ಹೊತ್ತು ಭಾಂಡೆಯ ರಾಶಿಯನ್ನು ದಿಟ್ಟಿಸಿದಳು.

“ಈ ಮುಸುರ್ಯಾಗೂ ಬೂಷ್ಟ ಇರತೈತೇನ?”

ವೈಜಯಂತಿ ತುಸು ಯೋಚಿಸಿದಂತೆ ಮಾಡಿದಳು. “ಇರತೈತ್ರಿ ಅತ್ತಿ. ರಗಡ ಇರತೈತಿ.”

ಸುಗಲಾಬಾಯಿ ಗೊಣಗುತ್ತ, ಸೀರೆ ಮಡಚಿ, ಕುಕ್ಕರಗಾಲಲ್ಲಿ ಕೂತು ತಿಕ್ಕತೊಡಗಿದಳು. ಬೋಗುಣಿ ತೊಳೆದು ಆಚೆ ಇಟ್ಟಳು. ವೈಜಯಂತಿ ಅದನ್ನು ಎತ್ತಿ, ಬೆಳಕಿಗೆ ತಿರುಗಿಸಿ, ಒಳಗೆ ಬೆರಳಾಡಿಸಿ ನೋಡಿದಳು. ಆಮೇಲೆ ಮೊಣಕೈಯಿಂದ ಅತ್ತೆಯ ಮುಂದಕ್ಕೆ ನೂಕಿದಳು.

“ಇಲ್ಲಿ ಕರಿ ಉಳದೈತ್ರಿ.”